ಆರು ಗಂಟೆಯೊಳಗೆ ಕತ್ತಲು ಬೇಕು

2023ರ ಆಗಸ್ಟ್ 23, ಬುಧವಾರ, ಸಂಜೆ ನಾಲ್ಕೂಕಾಲು. ಕೋಲಾರ ತಾಲ್ಲೂಕು ಹುತ್ತೂರು ಹೋಬಳಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಏಳನೇ ಕ್ಲಾಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬನ್ನಿ. ಮನೆಗೆ ಬಿಡುವ ಗಂಟೆ ಹೊಡೆದಾಯಿತು, ಆದರೆ ಒಂದು ಮಗುವೂ ಗೇಟು ದಾಟಿಲ್ಲ. ವರಾಂಡದಲ್ಲಿ ಬ್ಯಾಗುಗಳು ರಾಶಿ ಬಿದ್ದಿವೆ. ಚಂದ್ರಯಾನ-3ರ ಲ್ಯಾಂಡರ್ ಚಂದ್ರನ ಮೇಲೆ ಇಳಿಯುವುದು ಆರು ಗಂಟೆ ನಾಲ್ಕು ನಿಮಿಷಕ್ಕೆ. ಶಾಲೆಗಳಲ್ಲಿ ನೇರಪ್ರಸಾರ ತೋರಿಸಿ ಎಂದು ದೆಹಲಿಯಿಂದ ಸೂಚನೆ ಬಂದಿದೆ. ಸೂಚನೆ ಕಳಿಸುವುದು ಸುಲಭ. ಯಾವ ವೈರನ್ನು ಎಲ್ಲಿಗೆ ಸಿಕ್ಕಿಸಬೇಕು ಎಂದು ಅದರಲ್ಲಿ ಬರೆದಿರುವುದಿಲ್ಲ.

ಎಚ್ಚೆಮ್ ಮೇಡಂ ಗೊಂಚಲಿನ ಒಂದೊಂದೇ ಬೀಗದ ಕೈ ಹಾಕಿ ತಿರುಗಿಸುತ್ತಿದ್ದಾರೆ. ಕಡೆಗೂ ಬೀರು ತೆರೆಯಿತು. ಹಳೆಯ ಹಾಜರಿ ಪುಸ್ತಕಗಳು, ಒಂದು ಗ್ಲೋಬು, ತಕ್ಕಡಿ, ಅದರ ಹಿಂದೆ ಕಪ್ಪು ಚೀಲ. ಸೈನ್ಸ್ ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟರು. ಜಿಪ್ ಎಳೆದರೆ ಒಳಗೆ ಪ್ರೊಜೆಕ್ಟರ್, ಪವರ್ ಕಾರ್ಡ್, ನೀಲಿ ತಲೆಯ ದಪ್ಪ ವಿಜಿಎ ಕೇಬಲ್, ಸೆಲ್ ಒಡೆದು ಉಪ್ಪು ಕಟ್ಟಿದ ರಿಮೋಟು. ರಿಮೋಟನ್ನು ಪಕ್ಕಕ್ಕೆ ಇಟ್ಟುಬಿಡಿ. ಯಂತ್ರದ ತಲೆಯ ಮೇಲೇ ಗುಂಡಿಗಳಿವೆ, ಇವತ್ತಿಗೆ ಅಷ್ಟು ಸಾಕು.

ಮೇಷ್ಟ್ರು ಮೊದಲು ಸ್ವಿಚ್ ಹಾಕಲಿಲ್ಲ. ಪಕ್ಕದ ಸಣ್ಣ ಜಾಲರಿ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ ಫಿಲ್ಟರ್ ಹೊರಗೆಳೆದರು. ಸೀಮೆಸುಣ್ಣದ ಪುಡಿ ಪದರವಾಗಿ ಕೂತಿದೆ. ಒಬ್ಬ ಹುಡುಗ ಊದಲು ಬಾಯಿ ಉಬ್ಬಿಸಿಕೊಂಡು ಮುಂದೆ ಬಂದ. “ಬಾಯಲ್ಲಿ ಊದಬೇಡ್ವೋ, ಎಂಜಲು ತೇವ ಅಂಟ್ಕೊಳ್ಳುತ್ತೆ,” ಎಂದು ಅವನನ್ನು ಹಿಂದಕ್ಕೆ ಸರಿಸಿ, ಪೇಂಟು ಬಳಿಯುವ ಒಣ ಬ್ರಷ್ಷಿನಿಂದ ವರಾಂಡದ ಕಂಬದ ಹತ್ತಿರ ಉದುರಿಸಿಕೊಂಡು ಬಂದರು. ಇದು ಬರೀ ಮಡಿವಂತಿಕೆಯಲ್ಲ. ಈ ಯಂತ್ರದ ಹೊಟ್ಟೆಯಲ್ಲಿರುವುದು ಪಾದರಸದ ದೀಪ. ಬೆಳಗುವಾಗ ಅದರ ಪುಟ್ಟ ಗಾಜಿನ ಬುರುಡೆಯೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಇನ್ನೂರು ಪಟ್ಟಿನ ಆಸುಪಾಸು ಏರುತ್ತದೆ. ಫ್ಯಾನಿಗೆ ಗಾಳಿ ಸಿಗದಿದ್ದರೆ ಯಂತ್ರ ತನ್ನಷ್ಟಕ್ಕೆ ಆರಿಹೋಗುತ್ತದೆ. ಆರು ಗಂಟೆ ಮೂರು ನಿಮಿಷಕ್ಕೆ ಆರಿದರೆ ಮೇಷ್ಟ್ರು ಈ ಊರಲ್ಲಿ ತಲೆಯೆತ್ತಿ ಓಡಾಡುವ ಹಾಗಿಲ್ಲ.

ಈಗ ಕಿಟಕಿ ಕಡೆ ನೋಡಿ. ಪಡುವಣದ ಬಿಸಿಲು ನೇರವಾಗಿ ಕರಿಹಲಗೆಗೆ ಹೊಡೆಯುತ್ತಿದೆ. ಈ ಆಗಸ್ಟಿನಲ್ಲಿ ಮಳೆ ಕೈಕೊಟ್ಟಿದೆ, ಮೋಡದ ಮರೆಯೂ ಇಲ್ಲ. ಸೂರ್ಯ ಮುಳುಗುವುದು ಆರೂವರೆಗೆ. ಅಂದರೆ ಲ್ಯಾಂಡರ್ ಇಳಿಯುವ ಹೊತ್ತಿಗೆ ಹೊರಗೆ ಇನ್ನೂ ಹಗಲೇ. ಇದೇ ಇವತ್ತಿನ ದೊಡ್ಡ ತೊಡಕು, ಕಂಪ್ಯೂಟರಿನದಲ್ಲ.

ಲೆಕ್ಕ ಹಾಕಿ ನೋಡೋಣ. ಚೀಲದ ಜೇಬಿನಲ್ಲಿದ್ದ ಪುಸ್ತಕದ ಪ್ರಕಾರ ಹೊಸದಿದ್ದಾಗ ಇದರ ಬೆಳಕು 2,600 ಲ್ಯೂಮೆನ್. ಇಂಥ ದೀಪಗಳ ಆಯುಷ್ಯವನ್ನು ಕಂಪನಿಗಳು ಅಳೆಯುವುದೇ ಬೆಳಕು ಅರ್ಧಕ್ಕೆ ಇಳಿಯುವ ತನಕದ ಗಂಟೆಗಳಲ್ಲಿ. ಆದ್ದರಿಂದ ಈಗ 1,300 ಅಂತ ಇಟ್ಟುಕೊಳ್ಳಿ. ಆರಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಚಿತ್ರ ಬಿಟ್ಟರೆ ಇಪ್ಪತ್ತೇಳು ಚದರಡಿ. ಚದರಡಿಗೆ ಐವತ್ತು ಲ್ಯೂಮೆನ್ ಕೂಡ ಬೀಳುವುದಿಲ್ಲ. ಹೊರಗೆ ನಡುಹಗಲಿನ ಬಿಸಿಲಲ್ಲಿ ಅದೇ ಒಂದು ಚದರಡಿಗೆ ಒಂಬತ್ತು ಸಾವಿರಕ್ಕೂ ಮೇಲೆ ಬೀಳುತ್ತದೆ. ಪೈಪೋಟಿಯ ಮಾತೇ ಇಲ್ಲ. ಇನ್ನೊಂದು ಸಂಗತಿಯನ್ನು ಪ್ರೊಜೆಕ್ಟರ್ ಮಾರುವವರು ಬಾಯಿಬಿಟ್ಟು ಹೇಳುವುದಿಲ್ಲ: ಯಾವ ಯಂತ್ರವೂ ಪರದೆಯ ಮೇಲೆ ಕಪ್ಪನ್ನು ಎಸೆಯಲಾರದು. ಕಪ್ಪು ಅಂದರೆ ಅಲ್ಲಿ ಬೆಳಕು ಬೀಳದ ಜಾಗ, ಅಷ್ಟೇ. ಕೋಣೆ ಎಷ್ಟು ಬೆಳ್ಳಗಿದೆಯೋ ನಿಮ್ಮ ಕಪ್ಪೂ ಅಷ್ಟು ಬೆಳ್ಳಗಿರುತ್ತದೆ. ಇವತ್ತು ತೋರಿಸಬೇಕಾಗಿರುವುದೋ ಆಕಾಶದ ಕಪ್ಪು.

“ಹುಳು ಮನೆ ಗೋಣಿತಾಟು ತರಲಾ ಸಾರ್?” ಎಂದಳು ಏಳನೇ ಕ್ಲಾಸಿನ ಹುಡುಗಿ. ಅವರ ಮನೆಯಲ್ಲಿ ರೇಷ್ಮೆ. ಬೇಸಿಗೆಯಲ್ಲಿ ಹುಳು ಮನೆಯ ಕಿಟಕಿಗೆ ಒದ್ದೆ ಮಾಡಿ ಇಳಿಬಿಡುವ ತಾಟುಗಳು ಈಗ ಸುಮ್ಮನೆ ಅಟ್ಟದ ಮೇಲಿವೆಯಂತೆ. ನಾಲ್ಕು ಹುಡುಗರು ಅವಳ ಹಿಂದೆ ಓಡಿದರು. ತಾಟಿನ ಜೊತೆ ನೀಲಿ ಟಾರ್ಪಾಲೂ ಬಂತು, ಕೇಳದೇ ಇದ್ದ ಒಂದು ಹರಿದ ಚಂದ್ರಿಕೆಯೂ, ಅಂದರೆ ಹುಳು ಗೂಡು ಕಟ್ಟುವ ಬಿದಿರ ತಟ್ಟಿಯೂ, ಬಂತು. ಚಂದ್ರಿಕೆಯನ್ನು ಗಾಳಿಗೆ ಬಡಿಯುವ ಕಿಟಕಿ ರೆಕ್ಕೆಗೆ ಒತ್ತಾಗಿ ಒರಗಿಸಿದರು. ನೀವೂ ಒಂದು ಕೈ ಹಾಕಿ. ಟಾರ್ಪಾಲಿನ ತೂತಿಗೆ ದಾರ ಪೋಣಿಸಿ ಕಿಟಕಿಯ ಸರಳಿಗೆ ಬಿಗಿಯಿರಿ. ಮೂಡಣ ಗೋಡೆಯ ಮೇಲಿನ ಗವಾಕ್ಷಿಯನ್ನು ಮಾತ್ರ ಹಾಗೇ ಬಿಡಿ. ಅರವತ್ತಕ್ಕೆ ಕಡಿಮೆಯಿಲ್ಲದಷ್ಟು ಮಕ್ಕಳು ಇಲ್ಲಿ ಕೂರುತ್ತಾರೆ, ಉಸಿರಾಡಬೇಕಲ್ಲ.

ಪರದೆಗೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು. ಮುಖ ಗೋಡೆಗೆ, ಬಿಳಿ ಬೆನ್ನು ನಮಗೆ. ಕೋಲಾರದಂಥ ಜಿಲ್ಲೆಯಲ್ಲಿ ಬಿಳಿ ಪರದೆಗೆ ಬರವೇ ಇಲ್ಲ, ಪ್ರತಿ ಸರ್ಕಲ್ಲಿನಲ್ಲೂ ಒಂದು ಸಿಗುತ್ತದೆ, ತಿರುಗಿಸಿ ಕಟ್ಟುವವರು ಬೇಕಷ್ಟೆ. ಬಟ್ಟೆಗಿಂತ ಇದು ವಾಸಿ. ಸುಕ್ಕಿಲ್ಲ, ಹೊಲಿಗೆ ಗೆರೆಯಿಲ್ಲ, ಮಿರುಗುವುದೂ ಇಲ್ಲ. ಕೆಳಗಿನ ಅಂಚಿಗೆ ಬಿದಿರಿನ ಗಳ ಕಟ್ಟಿ ಭಾರ ಕೊಟ್ಟರು. ಪರದೆಯ ಮೇಲಿನ ಫ್ಯಾನನ್ನು ಆರಿಸಿ. ತಿರುಗಿದರೆ ಪರದೆ ಅಲೆಯಾಡಿ ಚಂದ್ರ ನೀರಿನಲ್ಲಿ ಬಿದ್ದ ಹಾಗೆ ಕಾಣುತ್ತಾನೆ.

ಪ್ರೊಜೆಕ್ಟರನ್ನು ಎಲ್ಲಿಡುವುದು? ಮದುವೆ ವಿಡಿಯೋ ಮಾಡುವ ಹುಡುಗನೊಬ್ಬ ಲ್ಯಾಪ್‌ಟಾಪ್ ತಂದಿದ್ದಾನೆ. ಮಕ್ಕಳಿಗೆಲ್ಲ ಅವನು ವಿಡಿಯೋ ಅಣ್ಣ. “ಬೀರು ಮೇಲಿಂದ ಬಿಡೋಣ ಸಾರ್, ಯಾರ ತಲೆಯೂ ಅಡ್ಡ ಬರಲ್ಲ,” ಅಂದ. ಮೇಷ್ಟ್ರು ತಲೆಯಾಡಿಸಿದರು. ಮೇಜಿನ ಮೇಲಿಡುವ ಪ್ರೊಜೆಕ್ಟರುಗಳನ್ನು ಮಾಡಿರುವುದೇ ಬೆಳಕು ಲೆನ್ಸಿನ ಮಟ್ಟದಿಂದ ಮೇಲಕ್ಕೆ ಏಳುವ ಹಾಗೆ. ಎತ್ತರದಲ್ಲಿಟ್ಟರೆ ಚಿತ್ರ ಸೂರಿಗೆ ಹೋಗುತ್ತದೆ. ಬಗ್ಗಿಸಿದರೆ ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿ, ಆಯತ ಹೋಗಿ ಲಂಗದ ಆಕಾರ ಬರುತ್ತದೆ. ಅದನ್ನು ನೇರ ಮಾಡಲು ಕೀಸ್ಟೋನ್ ಗುಂಡಿ ಇದೆಯಲ್ಲ ಅನ್ನಬಹುದು. ಅದು ಚಿತ್ರವನ್ನು ನೇರ ಮಾಡುವುದಿಲ್ಲ, ಅಂಚಿನ ಚುಕ್ಕಿಗಳನ್ನು ಆರಿಸಿ ನೇರ ಕಾಣುವ ಹಾಗೆ ಮಾಡುತ್ತದೆ. ಈ ಹಳೆಯ ಯಂತ್ರಕ್ಕೆ ಇರುವುದೇ ಅಡ್ಡಕ್ಕೆ 1,024, ಉದ್ದಕ್ಕೆ 768 ಚುಕ್ಕಿ. ಅದರಲ್ಲೂ ಈಗಿನ ವಿಡಿಯೋ ಅಗಲದ ಅಳತೆಯದು, ಮೇಲೆ ಕೆಳಗೆ ಕಪ್ಪು ಪಟ್ಟಿ ಬಿದ್ದು 576 ಸಾಲು ಮಾತ್ರ ಉಳಿಯುತ್ತದೆ. ಇನ್ನೂ ಕಳೆದುಕೊಳ್ಳುವುದು ಬೇಡ.

ಹಾಗಾಗಿ ಟೊಮೆಟೊ ಕ್ರೇಟುಗಳು ಬಂದವು. ಮೂರನ್ನು ಒಂದರ ಮೇಲೊಂದು ಮಗುಚಿ ಪೇರಿಸಿದರೆ ಕೂತ ಮಕ್ಕಳ ತಲೆಗಿಂತ ಒಂದಿಷ್ಟು ಮೇಲೆ ಲೆನ್ಸು ನಿಲ್ಲುತ್ತದೆ. ಮೈತುಂಬ ತೂತು, ಬಿಸಿಗಾಳಿ ಸಲೀಸಾಗಿ ಹೊರಟುಹೋಗುತ್ತದೆ. ಹಿಂದಿನ ತಿಂಗಳು ಇದೇ ಕ್ರೇಟಿನ ಹದಿನೈದು ಕೆ.ಜಿ. ಟೊಮೆಟೊ ಕೋಲಾರದ ಮಾರ್ಕೆಟ್ಟಿನಲ್ಲಿ 2,000 ರೂಪಾಯಿ ದಾಟಿ ಹರಾಜಾಗಿತ್ತು, ರಾತ್ರಿ ತೋಟ ಕಾಯಲು ಜನ ಮಲಗುತ್ತಿದ್ದರು. ಈಗ ರೇಟು ಬಿದ್ದಿದೆ, ಕ್ರೇಟು ಬಿಡುವಾಗಿದೆ. ಪರದೆಯಿಂದ ಎಷ್ಟು ದೂರ? ಇಂಥ ಯಂತ್ರಕ್ಕೆ ಚಿತ್ರದ ಅಗಲದ ಹೆಚ್ಚುಕಡಿಮೆ ಎರಡು ಪಟ್ಟು. ಆರಡಿ ಅಗಲಕ್ಕೆ ಹನ್ನೆರಡಡಿ. ಮೇಷ್ಟ್ರು ಹೆಜ್ಜೆ ಅಳೆದು ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದರು. ಗೆರೆಯಿಂದ ಪರದೆಯವರೆಗೆ ನಡುವೆ ಓಣಿ, ಆಚೆ ಹುಡುಗಿಯರು, ಈಚೆ ಹುಡುಗರು.

ನಾಲ್ಕು ಮುಕ್ಕಾಲು. ಸ್ವಿಚ್ ಹಾಕಿದರು. ಫ್ಯಾನು ಹೊಂ ಎಂದಿತು. ಪರದೆ ಮೊದಲು ಮಂಕಾಗಿ, ಆಮೇಲೆ ನಿಧಾನಕ್ಕೆ ನೀಲಿಯಾಯಿತು. ಬಾಗಿಲ ಬಳಿ ಕೂತ ಅಜ್ಜಿ, “ಬೊಮ್ಮ ವಚ್ಚಿಂದಾ ರಾ?” (ಚಿತ್ರ ಬಂತೇನೋ?) ಎಂದು ಮೊಮ್ಮಗನನ್ನು ಕೇಳಿದಳು. ಈ ಸೀಮೆಯಲ್ಲಿ ಮನೆಮಾತು ತೆಲುಗು, ಪಾಠ ಕನ್ನಡ, ಎರಡಕ್ಕೂ ಜಗಳವಿಲ್ಲ. “ಇನ್ನೂ ಇಲ್ಲ ಅವ್ವ, ಸಿಗ್ನಲ್ ಇಲ್ಲ ಅಂತೈತೆ.”

ಹೌದು, ನೀಲಿ ಪರದೆಯ ಮೂಲೆಯಲ್ಲಿ ‘ನೋ ಸಿಗ್ನಲ್’. ಲ್ಯಾಪ್‌ಟಾಪಿಗೆ ಇರುವುದು ಎಚ್‌ಡಿಎಂಐ ಕಿಂಡಿ, ಪ್ರೊಜೆಕ್ಟರಿಗೆ ಇರುವುದು ಹದಿನೈದು ತೂತಿನ ವಿಜಿಎ. ವಿಜಿಎ 1987ರದು, ಎಚ್‌ಡಿಎಂಐ 2002ರದು. ಮೊದಲಿನದು ಬೆಳಕಿನ ಏರಿಳಿತವನ್ನೇ ವೋಲ್ಟೇಜಾಗಿ ಕಳಿಸುತ್ತದೆ, ಇನ್ನೊಂದು ಅಂಕಿಗಳಲ್ಲಿ ಕಳಿಸುತ್ತದೆ. ನಡುವೆ ದುಭಾಷಿ ಬೇಕು. ವಿಡಿಯೋ ಅಣ್ಣ ಜೇಬಿನಿಂದ ಬೆಂಕಿಪೊಟ್ಟಣಕ್ಕಿಂತ ಸಣ್ಣ ಕನ್ವರ್ಟರ್ ತೆಗೆದು ಸಿಕ್ಕಿಸಿದ. ಆದರೂ ನೋ ಸಿಗ್ನಲ್.

ಇಲ್ಲಿ ಗಾಬರಿ ಬಿದ್ದು ಎಲ್ಲವನ್ನೂ ಕಿತ್ತು ಹಾಕುವವರೇ ಹೆಚ್ಚು. ಲ್ಯಾಪ್‌ಟಾಪ್ ಏಳುವ ಹೊತ್ತಿನಲ್ಲಿ ಎದುರಿನ ಯಂತ್ರವನ್ನು “ನೀನು ಯಾರು, ಎಷ್ಟು ಚುಕ್ಕಿ ತೋರಿಸಬಲ್ಲೆ?” ಎಂದು ಕೇಳುತ್ತದೆ. ಎದುರಿನದು ಆಗ ಆರಿದ್ದರೆ, ಕೇಬಲ್ ಸಡಿಲವಿದ್ದರೆ, ಉತ್ತರ ಬರುವುದಿಲ್ಲ. ಲ್ಯಾಪ್‌ಟಾಪ್ ತಾನೊಂದೇ ಇದ್ದೇನೆ ಅಂದುಕೊಂಡು ಸುಮ್ಮನಿರುತ್ತದೆ. ಅದಕ್ಕೇ ಕ್ರಮ ಇದು: ಮೊದಲು ಪ್ರೊಜೆಕ್ಟರ್ ಹೊತ್ತಬೇಕು, ಆಮೇಲೆ ಕೇಬಲ್, ಕೊನೆಗೆ ಲ್ಯಾಪ್‌ಟಾಪ್. ಅಣ್ಣ ರೀಸ್ಟಾರ್ಟ್ ಕೊಟ್ಟ. ಪರದೆ ಬೆಳಗಿತು, ಆದರೆ ಹಸಿರು ಗುಡ್ಡದ ವಾಲ್‌ಪೇಪರ್ ಬಿಟ್ಟು ಏನೂ ಇಲ್ಲ. ಮೌಸಿನ ಬಾಣ ಲ್ಯಾಪ್‌ಟಾಪಿನ ಬಲ ಅಂಚಿಗೆ ಹೋಗಿ ಮಾಯವಾಗಿ ಪರದೆಯ ಎಡ ಅಂಚಿನಲ್ಲಿ ಹುಟ್ಟುತ್ತಿದೆ. ವಿಂಡೋಸ್ ಗುಂಡಿ ಹಿಡಿದು ಪಿ ಒತ್ತಿ. ಪಟ್ಟಿ ಬಂತಲ್ಲ? ‘ಎಕ್ಸ್‌ಟೆಂಡ್’ನಲ್ಲಿದೆ, ‘ಡೂಪ್ಲಿಕೇಟ್’ ಮಾಡಿ. ಸರಿ, ಈಗ ಇಲ್ಲಿದ್ದದ್ದೇ ಅಲ್ಲಿ.

ಪರೀಕ್ಷೆಗೆಂದು ಚಂದ್ರನ ಒಂದು ಫೋಟೋ ತೆರೆದರು. ಮಕ್ಕಳು ಗೊಳ್ಳೆಂದು ನಕ್ಕರು. ಲ್ಯಾಪ್‌ಟಾಪಿನಲ್ಲಿ ಬೂದಿ ಬಣ್ಣದ ಚಂದ್ರ, ಪರದೆಯ ಮೇಲೆ ಅಪ್ಪಟ ಅರಿಶಿನ. ಇನ್ನೆರಡು ದಿನಕ್ಕೆ ವರಮಹಾಲಕ್ಷ್ಮಿ ಹಬ್ಬ, “ಪೂಜೆಗೆ ರೆಡಿಯಾಗವ್ನೆ,” ಎಂದರು ಬಿಸಿಯೂಟದ ಅಕ್ಕ. ಮೇಷ್ಟ್ರು ನಗಲಿಲ್ಲ, ಕೇಬಲ್ ಬಿಚ್ಚಿ ಅದರ ಮೂತಿಯನ್ನು ಬೆಳಕಿಗೆ ಹಿಡಿದರು. ನೀವೂ ಬಗ್ಗಿ ನೋಡಿ. ಮೂರು ಸಾಲಿನಲ್ಲಿ ಸೂಜಿಯಷ್ಟು ಸಣ್ಣ ಪಿನ್ನುಗಳು. ಮೇಲಿನ ಸಾಲಿನ ಮೊದಲ ಮೂರು ಕೆಂಪು, ಹಸಿರು, ನೀಲಿ. ಮೂರನೆಯದು ಪಕ್ಕಕ್ಕೆ ಮಲಗಿಬಿಟ್ಟಿದೆ. ನೀಲಿ ಬರದೆ ಕೆಂಪು, ಹಸಿರು ಮಾತ್ರ ಬೆರೆತರೆ ಹಳದಿಯೇ ಗತಿ. ಯಾವಾಗಲೋ ಯಾರೋ ಓರೆಯಾಗಿ ಒತ್ತಿ ತುರುಕಿದ್ದಾರೆ.

“ಖಾಲಿಯಾದ ರೀಫಿಲ್ ಯಾರ ಹತ್ತಿರ ಇದೆ?” ಹತ್ತು ಕೈ ಮೇಲೆದ್ದವು. ಮೇಷ್ಟ್ರು ಒಂದರ ಮೊನೆಯನ್ನು ಕಿತ್ತು ಟೊಳ್ಳು ಕೊಳವೆಯನ್ನು ಮಲಗಿದ ಪಿನ್ನಿನ ತಲೆಗೆ ತೊಡಿಸಿ, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟೇ ಮೇಲಕ್ಕೆ ಎತ್ತಿದರು. ಇನ್ನೊಮ್ಮೆ. ಇನ್ನೊಂದು ಸ್ವಲ್ಪ. ಜೋರು ಮಾಡಿದರೆ ಮುರಿಯುತ್ತದೆ, ಮುರಿದರೆ ಕೋಲಾರಕ್ಕೆ ಹೋಗಿ ಬೇರೆ ಕೇಬಲ್ ತರುವಷ್ಟು ಹೊತ್ತಿಲ್ಲ. ಪಿನ್ನು ನೆಟ್ಟಗಾಯಿತು. ಈ ಸಲ ನೇರ ಕೂರಿಸಿ, ಇಕ್ಕೆಲದ ತಿರುಪುಗಳನ್ನು ಬೆರಳಿನಿಂದ ಬಿಗಿದರು. ಚಂದ್ರ ಬೂದಿ ಬಣ್ಣಕ್ಕೆ ಬಂದ. ಕಾಲೇಜು ಲ್ಯಾಬುಗಳಲ್ಲಿ ಹೇಳಿಕೊಡದ ವಿದ್ಯೆ ಇದು, ಹಳ್ಳಿ ಮೇಷ್ಟರುಗಳಿಗೆ ಮಾತ್ರ ಬರುತ್ತದೆ.

ಮುಂದಿನದು ಸದ್ದು. ವಿಜಿಎ ಕೇಬಲಿನಲ್ಲಿ ಚಿತ್ರ ಹೋಗುತ್ತದೆ, ಧ್ವನಿ ಹೋಗುವುದಿಲ್ಲ. ಅದರ ಮೇಲೆ ಎಚ್‌ಡಿಎಂಐ ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪ್ ತನ್ನ ಧ್ವನಿಯನ್ನೆಲ್ಲ ಆ ಕಿಂಡಿಗೆ ಕಳಿಸಿಬಿಟ್ಟಿದೆ, ಅದು ಕನ್ವರ್ಟರಿನೊಳಗೆ ಸತ್ತುಹೋಗುತ್ತಿದೆ. ಕೆಳಗಿನ ಬಲಮೂಲೆಯ ಸ್ಪೀಕರ್ ಗುರುತು ಒತ್ತಿ, ಮತ್ತೆ ಲ್ಯಾಪ್‌ಟಾಪಿನ ಸ್ಪೀಕರನ್ನೇ ಆರಿಸಿ. ಹೆಡ್‌ಫೋನ್ ತೂತಿನಿಂದ ವೈರು ಭಜನೆ ಮಂಡಳಿಯ ಆಹುಜಾ ಆಂಪ್ಲಿಫೈಯರಿಗೆ. ಸದ್ದು ಬಂತು, ಜೊತೆಗೆ ಗುಂಯ್ ಎನ್ನುವ ದುಂಬಿಯೂ ಬಂತು. ಮಂಡಳಿಯವರು ಆಂಪ್ಲಿಫೈಯರನ್ನು ಬಡಿದು ನೋಡಿದರು. ಅದರ ತಪ್ಪಲ್ಲ. ಲ್ಯಾಪ್‌ಟಾಪಿನ ಚಾರ್ಜರ್ ಒಂದು ಗೋಡೆಯ ಪ್ಲಗ್ಗಿನಲ್ಲಿದೆ, ಆಂಪ್ಲಿಫೈಯರ್ ಇನ್ನೊಂದು ಗೋಡೆಯದರಲ್ಲಿ. ಎರಡು ಅರ್ಥಿಂಗ್ ನಡುವೆ ಸಣ್ಣ ಕರೆಂಟು ಓಡಾಡಿ ಅದೇ ಗುಂಯ್‌ಗುಡುತ್ತಿದೆ. ಚಾರ್ಜರ್ ಕಿತ್ತರೆ ನಿಂತಿತು. ಎಲ್ಲವನ್ನೂ ಒಂದೇ ಗೋಡೆಯ ಬೋರ್ಡಿಗೆ ತಂದು ಸಿಕ್ಕಿಸಿದರೆ ಚಾರ್ಜರ್ ಹಾಕಿದರೂ ಸದ್ದಿಲ್ಲ. ಕೆಲವರು ಇದಕ್ಕೆ ಮೂರು ಪಿನ್ನಿನ ದಪ್ಪ ಪಿನ್ನನ್ನೇ ಮುರಿದು ಹಾಕುತ್ತಾರೆ. ದಮ್ಮಯ್ಯ, ಮಕ್ಕಳಿರುವ ಕೋಣೆಯಲ್ಲಿ ಆ ಕೆಲಸ ಮಾಡಬೇಡಿ.

ಐದು ಗಂಟೆಗೆ ತ್ರೀ ಫೇಸ್ ಬಂತು. ಹೇಗೆ ಗೊತ್ತಾಯಿತು ಎಂದರೆ, ವರಾಂಡದ ಟ್ಯೂಬ್‌ಲೈಟ್ ಕಣ್ಣು ಮುಚ್ಚಿ ತೆರೆಯಿತು. ಸಾವಿರ ಅಡಿ ಬೋರ್‌ವೆಲ್ಲುಗಳ ಮೋಟಾರೆಲ್ಲ ಒಟ್ಟಿಗೆ ಎದ್ದಿವೆ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲೇ ಕರೆಂಟು ತರಿಸಿಕೊಂಡದ್ದು ಇದೇ ಜಿಲ್ಲೆಯ ಚಿನ್ನದ ಗಣಿ. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಅದಾದ ಮೇಲೆ, 1905ರಲ್ಲಿ. ಆ ಹೆಮ್ಮೆಯಿಂದ ಇವತ್ತಿನ ವೋಲ್ಟೇಜ್ ಏರುವುದಿಲ್ಲವಾದ್ದರಿಂದ ಆಫೀಸ್ ರೂಮಿನ ಯುಪಿಎಸ್ ಹೊತ್ತು ತಂದರು. 600 ವಿಎ, ಪ್ರೊಜೆಕ್ಟರಿನ ಸುಮಾರು 250 ವಾಟನ್ನು ಕೆಲವೇ ನಿಮಿಷ ಹೊರಬಲ್ಲದು. ಅಷ್ಟು ಸಾಕು. ಈ ದೀಪ ಬಿಸಿಯಲ್ಲಿ ಆರಿದರೆ ತಣಿಯುವ ತನಕ ಮತ್ತೆ ಹೊತ್ತುವುದಿಲ್ಲ, ಒಂದು ಕ್ಷಣ ಕರೆಂಟು ಹೋದರೂ ಹಲವು ನಿಮಿಷ ಕೈಬಿಟ್ಟ ಹಾಗೆ. ಆಂಪ್ಲಿಫೈಯರನ್ನು ಯುಪಿಎಸ್ಸಿಗೆ ಹಾಕಲಿಲ್ಲ. ಮಾತು ನಿಂತರೂ ನೋಡಬಹುದು.

ಐದೂ ಇಪ್ಪತ್ತಕ್ಕೆ ಇಸ್ರೋ ಪ್ರಸಾರ ಶುರು. ಮೇಷ್ಟರ ಫೋನಿನ ಹಾಟ್‌ಸ್ಪಾಟು, ಕಿಟಕಿಯಲ್ಲಿ ಹೆಚ್ಚು ಸಿಗ್ನಲ್ ಇರುವ ಜಾಗ ಹುಡುಕಿ ದಾರದಲ್ಲಿ ಕಟ್ಟಿದ್ದಾರೆ. ಯೂಟ್ಯೂಬಿನ ಗುಣಮಟ್ಟವನ್ನು ತಾನಾಗಿ ಏರಿಳಿಯಲು ಬಿಡದೆ 480ಕ್ಕೆ ನಿಲ್ಲಿಸಿದರು. ಈ ಪರದೆಗೆ ಅದಕ್ಕಿಂತ ಹೆಚ್ಚು ಕೊಟ್ಟರೆ ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕು ಬೇಗ ಕರಗುತ್ತದೆಯೇ ಹೊರತು ಕಾಣುವುದು ಅಷ್ಟೇನೂ ಹೆಚ್ಚುವುದಿಲ್ಲ.

ನೆಟ್ಟನ್ನೇ ನಂಬಿ ಕೂರುವ ಹಾಗಿಲ್ಲ. ಅದಕ್ಕೆ ಎದುರುಮನೆಯಿಂದ ಇನ್ನೊಂದು ದಾರಿ. ಅವರ ಮಾಳಿಗೆಯ ಮೇಲೆ ಡಿಡಿ ಫ್ರೀ ಡಿಶ್ ತಟ್ಟೆಯಿದೆ, ತಿಂಗಳ ಬಾಡಿಗೆಯಿಲ್ಲದ್ದು. ಮನೆಯಾತ ಸೆಟ್‌ಟಾಪ್ ಬಾಕ್ಸನ್ನೇ ಕಂಕುಳಲ್ಲಿ ಇಟ್ಟುಕೊಂಡು, ಕಪ್ಪು ಕೇಬಲ್ಲಿಗೆ ಜಾಯಿಂಟ್ ಕೊಟ್ಟು ಬೀದಿ ದಾಟಿಸಿ ಗವಾಕ್ಷಿಯಿಂದ ಇಳಿಬಿಟ್ಟ. ಹಳದಿ ತಲೆಯ ವೈರು ಪ್ರೊಜೆಕ್ಟರಿನ ‘ವಿಡಿಯೋ’ ಕಿಂಡಿಗೆ, ಕೆಂಪು ಬಿಳಿ ಆಂಪ್ಲಿಫೈಯರಿನ ಎರಡನೇ ತೂತಿಗೆ. ಹಳದಿ ಒಂದೇ ವೈರಿನಲ್ಲಿ ಬಣ್ಣ, ಬೆಳಕು ಎರಡೂ ನುಗ್ಗಿಕೊಂಡು ಬರಬೇಕು, ಹಾಗಾಗಿ ಅಕ್ಷರಗಳು ಮಸುಕು. ಆದರೆ ಫೋನಿನ ಹಂಗಿಲ್ಲ. ಈ ತಟ್ಟೆ ನೋಡುತ್ತಿರುವುದು ಜಿಸ್ಯಾಟ್-15 ಉಪಗ್ರಹವನ್ನು, ಅದನ್ನು ಮೇಲೆ ನೆಟ್ಟಗೆ ನಿಲ್ಲಿಸಿಕೊಂಡಿರುವುದು ಹಾಸನದ ನಿಯಂತ್ರಣ ಕೇಂದ್ರ. ಉಪಗ್ರಹದಿಂದ ಹಳ್ಳಿ ಶಾಲೆಗೆ ಚಿತ್ರ ಬರುವುದು ಕರ್ನಾಟಕಕ್ಕೆ ಹೊಸದೂ ಅಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ, ನಾಸಾದ ಒಂದು ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ತೋರಿಸಿದ್ದರು. ಅದರಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಇದ್ದವು. ಆಗ ಛಾವಣಿಯ ಮೇಲಿದ್ದದ್ದು ತಂತಿಬಲೆ ಹೊದಿಸಿದ ಹತ್ತಡಿಯ ತಟ್ಟೆ.

ಎರಡನ್ನೂ ಅದಲುಬದಲು ಮಾಡಿ ನೋಡಿದಾಗ ಒಂದು ವಿಚಿತ್ರ ಬಯಲಾಯಿತು. ಡಿಶ್ಶಿನಲ್ಲಿ ವಿವರಣೆ ಕೊಡುವ ಹೆಣ್ಣುಮಗಳು ಮಾತಾಡಿ ಮುಗಿಸಿದ ವಾಕ್ಯವನ್ನು ಲ್ಯಾಪ್‌ಟಾಪಿನಲ್ಲಿ ಅದೇ ಹೆಣ್ಣುಮಗಳು ಹೆಚ್ಚುಕಡಿಮೆ ಅರ್ಧ ನಿಮಿಷ ಕಳೆದು ಆಡುತ್ತಿದ್ದಾಳೆ. ಚಂದ್ರನಿಂದ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿರುವ ಇಸ್ರೋದ 32 ಮೀಟರ್ ಆಂಟೆನಾಕ್ಕೆ ಸುದ್ದಿ ಬರಲು ಒಂದೂಕಾಲು ಸೆಕೆಂಡು ಚಿಲ್ಲರೆ. ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರಿನ ಒಳಗಿನ ಈ ಊರಿಗೆ ನೆಟ್ಟಿನಲ್ಲಿ ಬರಲು ಅರ್ಧ ನಿಮಿಷ! ಯೂಟ್ಯೂಬು ಚಿತ್ರವನ್ನು ತುಂಡುತುಂಡು ಮಾಡಿ, ಒಂದಿಷ್ಟು ತುಂಡು ಕೂಡಿಟ್ಟುಕೊಂಡ ಮೇಲೆ ತೋರಿಸುವುದು. ಕೂಡಿಟ್ಟದ್ದರಿಂದಲೇ ನಡುವೆ ನಿಲ್ಲದೆ ಓಡುತ್ತದೆ.

“ಕ್ಲಿಯರ್ ಆಗಿರೋದೇ ಇರಲಿ ಸಾರ್,” ಎಂದ ಅಣ್ಣ.

“ಪಕ್ಕದ ಬೀದೀಲಿ ಮೂರು ಮನೆ ಟಿ.ವಿ. ಓಡ್ತಿದೆ ಕಣಪ್ಪ. ಅವರು ಮೊದಲು ಚಪ್ಪಾಳೆ ಹೊಡೆದುಬಿಟ್ರೆ ನಮ್ಮ ಮಕ್ಕಳು ಇಲ್ಲಿ ಹಳೇದು ನೋಡಿದ ಹಾಗಾಗುತ್ತೆ.”

ತೀರ್ಮಾನವಾಯಿತು: ಅಂಕಿ, ನಕ್ಷೆ ಓದಬೇಕಾದ ಹೊತ್ತಿನಲ್ಲಿ ಲ್ಯಾಪ್‌ಟಾಪು, ಕೊನೆಯ ನಾಲ್ಕು ನಿಮಿಷ ಡಿಶ್ಶು. ಆಂಪ್ಲಿಫೈಯರಿನ ಎರಡು ತಿರುಗಣೆ ನಿಮ್ಮ ಜವಾಬ್ದಾರಿ. ಮೇಷ್ಟ್ರು ‘ಸೋರ್ಸ್’ ಒತ್ತಿದ ಕೂಡಲೇ ಎಡಗಡೆಯದನ್ನು ಇಳಿಸಿ, ಬಲಗಡೆಯದನ್ನು ಏರಿಸಬೇಕು. ಮರೆಯಬೇಡಿ.

ಐದು ನಲವತ್ತೈದು. ಬಾಗಿಲು ಮುಚ್ಚಿದರು. ಗೋಣಿತಾಟಿನ ಎಳೆಗಳ ನಡುವೆ ಬಿಸಿಲು ಚುಕ್ಕಿಚುಕ್ಕಿಯಾಗಿ ಕಾಣುತ್ತಿದೆ, ಪರದೆಗೆ ಮಾತ್ರ ಬೀಳುತ್ತಿಲ್ಲ. ಆಕಾಶದ ಕಪ್ಪು ಪೂರಾ ಕಪ್ಪಾಗಿಲ್ಲ, ಕಾಡಿಗೆ ಅಲ್ಲದಿದ್ದರೂ ಹಲಗೆಯ ಕಪ್ಪಿದೆ. ಲ್ಯಾಂಡರ್ 30 ಕಿಲೋಮೀಟರ್ ಎತ್ತರದಿಂದ ಇಳಿಯಲು ಶುರುಮಾಡಿದೆ, ವೇಗ ಸೆಕೆಂಡಿಗೆ 1.68 ಕಿಲೋಮೀಟರ್. ಮೊದಲ ಹಂತ 690 ಸೆಕೆಂಡು. ನಕ್ಷೆಯ ಮೇಲೆ ಹಾಕಿಟ್ಟ ಗೆರೆ, ಅದರ ಗುಂಟ ಸಾಗುವ ಚುಕ್ಕಿ. ವಿವರಣೆ ಇಂಗ್ಲಿಷು, ಹಿಂದಿಯಲ್ಲಿ. ಮೇಷ್ಟ್ರು ಕೋಲು ಹಿಡಿದು ನೆರಳು ಬೀಳದ ಹಾಗೆ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಿದ್ದಾರೆ. “ಇದು ಅಡ್ಡ ಓಡೋ ವೇಗ, ಇದು ಕೆಳಗೆ ಬೀಳೋ ವೇಗ. ಎರಡೂ ಸೊನ್ನೆಗೆ ಬರಬೇಕು. 2019ರಲ್ಲಿ ಚಂದ್ರಯಾನ-2 ಈ ಗೆರೆ ಬಿಟ್ಟು ಪಕ್ಕಕ್ಕೆ ಹೋಯ್ತು ನೋಡಿ, ಅದಕ್ಕೇ ಎಲ್ಲರೂ ಗೆರೆ ಮೇಲೇ ಕಣ್ಣಿಟ್ಟಿದಾರೆ.” ಎರಡನೇ ಸಾಲಿನ ಹುಡುಗ ಕೇಳಿದ, “ಅಲ್ಲಿ ಕ್ಯಾಮೆರಾ ಯಾರು ಹಿಡ್ಕೊಂಡವ್ರೆ ಸಾರ್?” ಒಳ್ಳೆಯ ಪ್ರಶ್ನೆ. ನಾವು ನೋಡುತ್ತಿರುವ ಲ್ಯಾಂಡರ್ ಕಂಪ್ಯೂಟರ್ ಬರೆದ ಬೊಂಬೆ. ಅಂಕಿಗಳು ಮಾತ್ರ ನಿಜ, ಚಂದ್ರನಿಂದ ಬರುತ್ತಿರುವವು. ಮೇಷ್ಟ್ರು ಅದನ್ನೇ ಹೇಳಿದರು, ಮಕ್ಕಳಿಗೆ ನಿರಾಸೆಯೇನೂ ಆಗಲಿಲ್ಲ.

ಆರು ಗಂಟೆ. ಮೇಷ್ಟ್ರು ಗುಂಡಿ ಒತ್ತಿದರು. ಪರದೆ ನೀಲಿ. ಮೂಲೆಯಲ್ಲಿ ‘ಹುಡುಕುತ್ತಿದೆ’ ಎಂಬರ್ಥದ ಸಾಲು. ಒಂದು, ಎರಡು, ಮೂರು ಸೆಕೆಂಡು. ಕೋಣೆಯಲ್ಲಿ ಯಾರೂ ಉಸಿರೆತ್ತುತ್ತಿಲ್ಲ, ಮೇಡಂ ಮೇಷ್ಟರ ಮುಖ ನೋಡುತ್ತಿದ್ದಾರೆ. ಆಮೇಲೆ ಚಿತ್ರ ಬಂತು, ಅಂಚು ಮೆತ್ತಗಾಗಿದೆ, ಬಣ್ಣ ಒಂದು ಚೂರು ಹೆಚ್ಚಾಗಿದೆ. ತಿರುಗಣೆ! ಹಾಂ, ಸದ್ದೂ ಬಂತು. ಎಂಟುನೂರು ಮೀಟರ್. ನೂರೈವತ್ತು ಮೀಟರಿನಲ್ಲಿ ಅದು ತೇಲಿಕೊಂಡು ಕೆಳಗೆ ಕಲ್ಲು ಹಳ್ಳ ಇದೆಯೇ ಎಂದು ನೋಡುತ್ತಿದೆ. ಬೆಂಗಳೂರಿನ ಪೀಣ್ಯದ ಇಸ್ರೋ ನಿಯಂತ್ರಣ ಕೊಠಡಿಯಲ್ಲಿ ಎಲ್ಲ ಸ್ತಬ್ಧ. ಮತ್ತೆ ಇಳಿಯಿತು. ಅಂಕಿ ಕರಗುತ್ತ ಕರಗುತ್ತ ಹೋಗಿ ಕೊಠಡಿಯವರೆಲ್ಲ ಎದ್ದು ನಿಂತು ಕೈತಟ್ಟಿದರು. ಆಗಿನ ಇಸ್ರೋ ಅಧ್ಯಕ್ಷ ಸೋಮನಾಥ್ ಮೈಕಿನ ಮುಂದೆ ಬಂದಾಗ ಇಲ್ಲಿ ಏನೂ ಕೇಳಿಸಲಿಲ್ಲ, ಮಕ್ಕಳ ಕೂಗಿಗೆ ಆಹುಜಾ ಸೋತಿತು. ಪಕ್ಕದ ಬೀದಿಯ ಕೂಗು ಅದೇ ಗಳಿಗೆಗೆ ಬಂದು ಬೆರೆಯಿತು. ಜೋಹಾನ್ಸ್‌ಬರ್ಗಿನಿಂದ ಪ್ರಧಾನಿ ಬಾವುಟ ಬೀಸುತ್ತಿದ್ದದ್ದು ಪರದೆಯ ಅರ್ಧದಲ್ಲಿ ಕಂಡಿತು. ಅಷ್ಟು ಹೊತ್ತಿಗೆ ಅಜ್ಜಿ ಎದ್ದು ಪರದೆಯ ಹತ್ತಿರಕ್ಕೇ ಬಂದು ಫ್ಲೆಕ್ಸನ್ನು ಮುಟ್ಟಿ ನೋಡಿದಳು. ಅವಳ ಸೀರೆಯ ಮೇಲೆಲ್ಲ ಇಸ್ರೋದವರ ಮುಖ.

ಲ್ಯಾಪ್‌ಟಾಪಿನಲ್ಲಿ ಲ್ಯಾಂಡರ್ ಇನ್ನೂ ಇಳಿಯುತ್ತಲೇ ಇತ್ತು. ಅಣ್ಣ ಅದನ್ನು ಒಬ್ಬನೇ ಇನ್ನೊಂದು ಸಲ ನೋಡಿಕೊಂಡ. ಅವನ ಜೊತೆ ಅದೇ ಹೊತ್ತಿಗೆ ಇಸ್ರೋ ಚಾನೆಲ್ ನೋಡುತ್ತಿದ್ದವರು 80 ಲಕ್ಷಕ್ಕೂ ಮೇಲೆ. ಈ ಕೋಣೆಯವರು ಆ ಲೆಕ್ಕದಲ್ಲಿ ಒಬ್ಬರೇ.

ಬಾಗಿಲು ತೆಗೆದದ್ದೇ ತಡ ಮಕ್ಕಳು ಅಂಗಳಕ್ಕೆ ನುಗ್ಗಿದರು. ತೆಂಕಣ ಆಕಾಶದಲ್ಲಿ ಅರ್ಧ ಚಂದ್ರ, ಬಿಸಿಲಿದ್ದಾಗಲೇ ಕಾಣುತ್ತಿದೆ. ಇಳಿದದ್ದು ಆ ಅರ್ಧದ ಕೆಳತುದಿಯ ಹತ್ತಿರ ಎಂದು ಮೇಷ್ಟ್ರು ಬೆರಳು ತೋರಿಸಿದರು. ಯಾರೋ ಆಗಲೇ ಗೋಡೆಯ ಪ್ಲಗ್ಗಿಗೆ ಕೈಹಾಕಿದ್ದರು, ಮೇಷ್ಟ್ರು ಅಲ್ಲಿಂದಲೇ ಕೂಗಿ ತಡೆದರು. ಪವರ್ ಗುಂಡಿಯನ್ನು ಎರಡು ಸಲ ಒತ್ತಿ ದೀಪ ಆರಿಸಿ, ಫ್ಯಾನು ತಾನಾಗಿ ನಿಲ್ಲುವ ತನಕ ಪ್ಲಗ್ ಮುಟ್ಟಬಾರದು. ಆ ಎರಡು ಮೂರು ನಿಮಿಷದಲ್ಲಿ ಅವರು ಮಾಡಿದ ಕೆಲಸ ಇಷ್ಟು: ಅಣ್ಣನಿಂದ ಕನ್ವರ್ಟರನ್ನು ಕೊಂಡುಕೊಂಡರು, ಅದನ್ನು ವಿಜಿಎ ಕೇಬಲ್ಲಿಗೇ ದಾರದಿಂದ ಕಟ್ಟಿದರು, ಆ ಟೊಳ್ಳು ರೀಫಿಲ್ಲನ್ನೂ ಚೀಲದ ಜೇಬಿಗೆ ಹಾಕಿದರು. ಯಾವ ವೈರು ಯಾವ ಕಿಂಡಿಗೆ ಎಂದು ಏಳನೇ ಕ್ಲಾಸಿನ ಹುಡುಗಿಯ ಕೈಯಲ್ಲಿ ಒಂದು ಹಾಳೆಗೆ ಬರೆಸಿ ಮುಚ್ಚಳಕ್ಕೆ ಅಂಟಿಸಿದರು.

ನಿಮ್ಮೂರ ಶಾಲೆಯ ಬೀರುವಿನಲ್ಲೂ ಇಂಥದೊಂದು ಕಪ್ಪು ಚೀಲ ಇದ್ದರೂ ಇರಬಹುದು. ಮುಂದಿನ ಸೂಚನೆ ಬರುವ ತನಕ ಕಾಯದೆ, ಈ ಶನಿವಾರವೇ ಹೋಗಿ ಬೀಗದ ಕೈ ಯಾರ ಹತ್ತಿರ ಇದೆ ಎಂದು ವಿಚಾರಿಸಿ. ಹೋಗುವಾಗ ಒಂದು ಒಣ ಬ್ರಷ್ ಮತ್ತು ರಿಮೋಟಿಗೆ ಹೊಸ ಸೆಲ್ಲು ತೆಗೆದುಕೊಂಡು ಹೋಗಿ.